ಬೊಕ್ಕಪಟ್ಣದ ಜಗಲಿಯಲ್ಲಿ ಎಂಜಿನು ಬಿಚ್ಚಿದ ದಿನಗಳು

ನನ್ನ ಗಂಡ ಬಹರೈನಿನ ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದ ನಾಲ್ಕನೆಯ ತಿಂಗಳಿಗೆ ಅವರ ಮಾತು ಹೋಯಿತು. ಒಂದು ಬೆಳಿಗ್ಗೆ ಮುಖ ತೊಳೆಯಲು ಹೋದವರು ಬಚ್ಚಲಿನ ಬಾಗಿಲಿಗೆ ಒರಗಿಕೊಂಡು ಹಾಗೆಯೇ ಕುಸಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದಾಗ ಬಲಗೈ ಬಲಗಾಲು ಎರಡೂ ಸ್ವಾಧೀನದಲ್ಲಿರಲಿಲ್ಲ. ಬಾಯಲ್ಲಿ ಉಳಿದದ್ದು ಒಂದೇ ಶಬ್ದ, 'ದಾನೆ'. ನಮ್ಮ ತುಳುವಿನಲ್ಲಿ ಅದು 'ಎಂತ' ಎಂದು ಕೇಳುವ ಮಾತು. ನೀರು ಬೇಕಾದರೆ ದಾನೆ. ಮಗ್ಗುಲು ಬದಲಿಸಬೇಕಾದರೆ ದಾನೆ. ಸಂಜೆ ಮಗಳು ವಾಮಂಜೂರಿನ ಕಾಲೇಜಿನಿಂದ ಬಂದು ಬ್ಯಾಗು ಇಳಿಸಿದರೂ ದಾನೆ.

"ಅವರಿಗೆ ಎಲ್ಲ ಅರ್ಥ ಆಗ್ತದೆ," ಎಂದಿದ್ದರು ಡಾಕ್ಟರು. "ಎಂತ ಹೇಳ್ಬೇಕು ಅಂತಲೂ ಗೊತ್ತುಂಟು. ಶಬ್ದ ಸಿಗುದಿಲ್ಲ, ಅಷ್ಟೆ. ನೀವು ಸ್ವಲ್ಪ ತಾಳ್ಮೆ ಇಟ್ಕೊಳ್ಳಿ."

ತಾಳ್ಮೆ ನನಗೆ ಹೊಸದಲ್ಲ. ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷ. ಅದರಲ್ಲಿ ಒಂದೇ ಸೂರಿನಡಿ ಕಳೆದ ದಿನಗಳನ್ನೆಲ್ಲ ಒಟ್ಟು ಮಾಡಿದರೆ ಎರಡು ವರ್ಷ ತುಂಬುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ. ಬಜಪೆಯ ವಿಮಾನ ನಿಲ್ದಾಣದ ಹೊರಗೆ ಕಂಬಿ ಹಿಡಿದು ನಿಂತು, ಟ್ರಾಲಿ ತಳ್ಳಿಕೊಂಡು ಬರುವವರ ನಡುವೆ ಅವರ ಮುಖ ಹುಡುಕುವಾಗ ಪ್ರತಿ ಸಲವೂ ಒಂದು ಸಣ್ಣ ಗಾಬರಿ. ಗುರುತು ಸಿಕ್ಕದೆ ಹೋದರೆ? ಬಂದ ಮೇಲೆ ಮನೆ ತುಂಬ ಜನ. ಅತ್ತೆಯ ಕಡೆಯವರು, ಇವರ ಗೆಳೆಯರು, ಅಲ್ಲಿಂದ ಯಾರೋ ಕಳಿಸಿದ ಕಟ್ಟು ಒಯ್ಯಲು ಬಂದವರು. ಎಲ್ಲ ಅಡಗಿ ಇನ್ನು ನಾವಿಬ್ಬರೇ ಕೂತು ಮಾತಾಡಬಹುದು ಎನ್ನುವಷ್ಟರಲ್ಲಿ ಪೆಟ್ಟಿಗೆ ಕಟ್ಟುವ ದಿನ ಬಂದಿರುತ್ತಿತ್ತು.

ಉಳಿದದ್ದೆಲ್ಲ ಫೋನು. ಶುಕ್ರವಾರ ಮಧ್ಯಾಹ್ನ ಅವರಿಗೆ ರಜೆ.

"ಊಟ ಆಯ್ತಾ?"

"ಆಯ್ತು. ನಿಮ್ಮದು?"

"ಆಯ್ತು. ಮಳೆ ಉಂಟಾ?"

"ನಿನ್ನೆ ಬಂತು. ಇವತ್ತು ಇಲ್ಲ."

"ಮತ್ತೆ?"

"ಮತ್ತೆ ಎಂತ ಇಲ್ಲ."

"ಸರಿ ಹಾಗಾದ್ರೆ, ಇಡ್ತೇನೆ."

ಫೋನಿನಲ್ಲಿ ಮಾತು ಬೆಳೆಸುವುದು ಅವರಿಗೆ ಬಾರದು ಎಂದು ನಾನು ತೀರ್ಮಾನಿಸಿದ್ದೆ. ಏನಾದರೂ ದೊಡ್ಡ ವಿಷಯ ಎತ್ತಿದರೆ, "ಅದು ಬಂದಾಗ ಮಾತಾಡುವಾ," ಎನ್ನುತ್ತಿದ್ದರು. ಅವರು ಮಿತಭಾಷಿ, ನಾನೂ ಹಾಗೆಯೇ ಆಗಿಬಿಟ್ಟೆ. ಬಂದಾಗ ಮಾತಾಡುವುದು ಎಂಬ ಒಂದು ಗಂಟು ನನ್ನೊಳಗೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು.

ಬಹರೈನಿನಲ್ಲಿ ಅವರು ಶ್ರೀಮಂತರ ದೋಣಿಗಳನ್ನು ಕಟ್ಟಿಹಾಕುವ ಒಂದು ಧಕ್ಕೆಯಲ್ಲಿ ಎಂಜಿನ್ ಮೆಕ್ಯಾನಿಕ್. ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಎಂಜಿನುಗಳೆಂದರೆ ಅವರಿಗೆ ಚಿಕ್ಕಂದಿನಿಂದ ಪರಿಚಯ. ಬೊಕ್ಕಪಟ್ಣದಲ್ಲಿ ಹೊಳೆಯ ಬದಿಯ ಮನೆ, ತಂದೆಯ ದೋಣಿ, ತಂದೆಯ ಎಂಜಿನು, ಅದರಲ್ಲೇ ಕಲಿತದ್ದು. ನನಗೆ ಅದರ ಗಂಧವೂ ಇರಲಿಲ್ಲ. ನನ್ನ ತವರು ವಾಮಂಜೂರು, ಗದ್ದೆಯ ಮನೆ. ಮದುವೆಯಾಗಿ ಬಂದ ಮೊದಲ ವಾರ ಜಗಲಿಯಲ್ಲಿಟ್ಟ ಪೆಟ್ರೋಲ್ ಕ್ಯಾನಿನ ವಾಸನೆಗೆ ತಲೆ ತಿರುಗಿ ನಾನು ಅಡುಗೆಮನೆಯ ಕಿಟಕಿಗೇ ಮುಖ ಕೊಟ್ಟು ನಿಲ್ಲುತ್ತಿದ್ದೆ. ಆಮೇಲೆ ಹತ್ತಿರದ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಹಿಡಿದೆ. ಅವರಿಗೆ ಹೀಗಾದ ಮೇಲೆ ಅದನ್ನು ಬಿಟ್ಟೆ.

ಮಾತಿನ ಅಭ್ಯಾಸ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಒಳ್ಳೆಯವಳು. ಚಿತ್ರಗಳಿದ್ದ ಒಂದು ರಟ್ಟು ತಂದುಕೊಟ್ಟಳು. ಲೋಟ, ತಟ್ಟೆ, ಹಾಸಿಗೆ, ಫ್ಯಾನು, ಸಂಡಾಸು, ನೋವಿನ ಮುಖ. ಬೇಕಾದ್ದನ್ನು ಬೆರಳಿನಿಂದ ತೋರಿಸಬೇಕು. ನನ್ನ ಗಂಡ ಅದನ್ನು ಬಹಳ ಹೊತ್ತು ನೋಡಿದರು. ಮೇಲಿನ ಸಾಲು, ಕೆಳಗಿನ ಸಾಲು, ಮತ್ತೆ ಮೇಲಿನ ಸಾಲು. ಆಮೇಲೆ ಎಡಗೈಯಿಂದ ಅದನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿ ಕಣ್ಣು ಮುಚ್ಚಿಕೊಂಡರು. ಅವರಿಗೆ ಹೇಳಬೇಕಾದದ್ದು ಅದರಲ್ಲಿ ಯಾವುದೂ ಇರಲಿಲ್ಲವೆಂದು ಈಗ ಅನಿಸುತ್ತದೆ. ಆ ದಿನ ನಾನು, "ಎಷ್ಟು ಹಟ ನಿಮಗೆ!" ಎಂದು ಗದರಿದ್ದೆ.

ಹೀಗೆ ಐದು ತಿಂಗಳು. ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜಗಲಿಗೆ ತಂದು ಕೂರಿಸಿದರೆ ಮಧ್ಯಾಹ್ನದ ತನಕ ಹೊಳೆಯನ್ನೇ ನೋಡುತ್ತಿದ್ದರು. ಕ್ರಮೇಣ 'ದಾನೆ' ಎನ್ನುವುದೂ ಕಡಿಮೆಯಾಯಿತು.

ಮಳೆಗಾಲ ಮುಗಿದು ದೋಣಿಗಳೆಲ್ಲ ಮತ್ತೆ ನೀರಿಗಿಳಿದಿದ್ದವು. ನನ್ನ ಮೈದುನನ ಮನೆ ನಮ್ಮ ಕಂಪೌಂಡಿನೊಳಗೇ. ಅಣ್ಣ ಗಲ್ಫಿಗೆ ಹೋದರೂ ಅವನು ದೋಣಿ ಬಿಡಲಿಲ್ಲ. ಒಂದು ಬೆಳಿಗ್ಗೆ ಅಂಗಳದ ಮರದ ಸ್ಟ್ಯಾಂಡಿಗೆ ಎಂಜಿನು ಸಿಕ್ಕಿಸಿ, ಅದರ ಕಾಲನ್ನು ನೀರು ತುಂಬಿದ ನೀಲಿ ಡ್ರಮ್ಮಿನಲ್ಲಿ ಮುಳುಗಿಸಿ, ಹಗ್ಗ ಎಳೆಯುತ್ತಿದ್ದ. ಅವನ ಮುಖ ನೋಡಿದಾಗಲೇ ಏನೋ ಸರಿಯಿಲ್ಲವೆಂದು ಗೊತ್ತಾಯಿತು. ನಾನು ಕೇಳಿದೆ.

"ಎಂತ ಹೇಳುದು ಅತ್ತಿಗೆ," ಎಂದ. "ನಿನ್ನೆ ಅಳಿವೆ ಬಾಗಿಲಿನಲ್ಲಿ ನಿಂತೇ ಹೋಯ್ತು. ಸಮುದ್ರಕ್ಕೆ ದಾಟುವ ಸರೀ ಜಾಗದಲ್ಲಿ. ರೇಸ್ ಕೊಟ್ಟೆ, ಒಂದು ನಿಮಿಷ ಓಡಿತು, ಆಮೇಲೆ ಉಸಿರು ಕಟ್ಟಿದ ಹಾಗೆ ಮಾಡಿ ಬಂದ್. ತೆರೆ ಬಂದು ದೋಣಿ ಅಡ್ಡ ತಿರುಗಿತು. ನಾನೂ ಜತೆಯವನೂ ಹುಟ್ಟು ಹಾಕಿ ಹೇಗೋ ಈಚೆ ಬಂದದ್ದು. ಬಲೆ ಹೋಯ್ತು. ಜೀವ ಉಂಟು, ಅಷ್ಟೆ."

"ಯಾರಿಗಾದರೂ ತೋರಿಸಿದ್ದೀಯಾ?"

"ಇಬ್ಬರಿಗೆ ತೋರಿಸಿ ಆಯ್ತು. ಕಾರ್ಬೊರೇಟರ್ ಎರಡು ಸಲ ಕ್ಲೀನ್ ಮಾಡಿದ್ರು. ಪ್ಲಗ್ಗೂ ಹೊಸದು. ನಿಧಾನಕ್ಕೆ ಓಡುವಾಗ ಎಂತದ್ದೂ ಇಲ್ಲ. ಜೋರು ಮಾಡಿದ್ರೆ ಒಂದೇ ನಿಮಿಷ."

ಅಣ್ಣನ ಕಡೆಗೆ ಅವನು ನೋಡಲಿಲ್ಲ. ಮೊದಲಾದರೆ ಬಹರೈನಿಗೆ ಫೋನು ಮಾಡಿ ಎಂಜಿನಿನ ಶಬ್ದವನ್ನೇ ಕೇಳಿಸುತ್ತಿದ್ದವನು. ಈಗ ಐದು ಹೆಜ್ಜೆ ಆಚೆ ಕೂತಿದ್ದ ಅಣ್ಣನಿಂದ ಮುಖ ತಪ್ಪಿಸಿ ಎಂಜಿನು ಚಾಲೂ ಮಾಡಿದ.

ಅದು ಸಣ್ಣಗೆ, ನೆಟ್ಟಗೆ ಓಡಿತು. ಗೇರು ಹಾಕಿ ಜೋರು ಮಾಡಿದಾಗ ಡ್ರಮ್ಮಿನ ನೀರೆಲ್ಲ ಅಂಗಳಕ್ಕೆ ಹಾರಿತು. ಸ್ವಲ್ಪ ಹೊತ್ತಿಗೆ ಶಬ್ದ ತಗ್ಗಿತು, ಒಮ್ಮೆ ಏರಿತು, ಮತ್ತೆ ತಗ್ಗಿ ನಿಂತಿತು.

"ದಾನೆ! ದಾನೆ!"

ನನ್ನ ಗಂಡನ ಧ್ವನಿ. ಅಷ್ಟು ಗಟ್ಟಿಯಾಗಿ ಅವರು ಆ ಐದು ತಿಂಗಳಲ್ಲಿ ಕೂಗಿರಲಿಲ್ಲ. ಎಡಗೈಯಿಂದ ಕುರ್ಚಿಯ ಕೈಗೆ ಬಡಿಯುತ್ತಿದ್ದರು. ಗಲಾಟೆಗೆ ಕಿರಿಕಿರಿಯಾಯಿತೆಂದುಕೊಂಡು ನಾನು, "ಸ್ವಲ್ಪ ನಿಲ್ಲಿಸು ಮಾರಾಯ, ಅವರಿಗೆ ಆಗುದಿಲ್ಲ," ಎಂದೆ. ಅವರು ಇನ್ನೂ ಜೋರಾಗಿ ಬಡಿದರು. ಕೈ ಎತ್ತಿ ಎಂಜಿನನ್ನು ತೋರಿಸಿದರು, ಆಮೇಲೆ ತನ್ನ ಕುರ್ಚಿಯನ್ನು, ಮತ್ತೆ ಎಂಜಿನನ್ನು.

"ಹತ್ತಿರ ಬರ್ಬೇಕಾ ಅಣ್ಣ?" ಎಂದ ಮೈದುನ.

ತಲೆ ಆಡಿತು. ನಾವಿಬ್ಬರೂ ಕುರ್ಚಿಯ ಸಮೇತ ಅವರನ್ನು ಎತ್ತಿ ಅಂಗಳಕ್ಕಿಳಿಸಿದೆವು.

ಮೊದಲು ಅವರು ತೋರಿಸಿದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರ ಮೇಲೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿದರೆ ಮಾತ್ರ ಟ್ಯಾಂಕಿನೊಳಗೆ ಗಾಳಿ ಹೋಗುತ್ತದೆ, ಪೆಟ್ರೋಲು ಹೊರಗೆ ಬರುತ್ತದೆ. ಎರಡು ಬೆರಳು ತಿರುಗಿಸಿ ತೋರಿಸಿದರು. "ಅದು ತೆರೆದೇ ಉಂಟು ಅಣ್ಣ," ಎಂದ ಮೈದುನ. ಸರಿ, ಎಂಬಂತೆ ಕಣ್ಣು ಮುಚ್ಚಿ ತೆರೆದರು.

ಆಮೇಲೆ ನನ್ನ ಕಡೆ ತಿರುಗಿದರು. ನಾನು ಅಲ್ಲಿ ಸುಮ್ಮನೆ ಟವೆಲು ಹಿಡಿದು ನಿಂತವಳು. ನನ್ನ ಕೈ ಹಿಡಿದೆಳೆದು ಪೈಪಿನ ನಡುವೆ ಇದ್ದ ರಬ್ಬರಿನ ಬಲ್ಬಿನ ಮೇಲಿಟ್ಟರು. ಟ್ಯಾಂಕಿನಿಂದ ಎಂಜಿನಿಗೆ ಪೆಟ್ರೋಲು ಹೋಗುವ ಪೈಪಿನಲ್ಲಿ ಅದು ಇರುತ್ತದೆ, ಮೊಟ್ಟೆಯ ಆಕಾರ, ಮುಷ್ಟಿಯಷ್ಟು ದೊಡ್ಡದು. ಚಾಲೂ ಮಾಡುವ ಮೊದಲು ಅದನ್ನು ನಾಲ್ಕೈದು ಸಲ ಅಮುಕಿ ಪೆಟ್ರೋಲು ಏರಿಸುತ್ತಾರೆ. ಅವರಿಗೇ ಮುಟ್ಟಿ ನೋಡಬೇಕಿತ್ತು. ಆದರೆ ಬಗ್ಗಿದರೆ ಮುಗ್ಗರಿಸುವ ಭಯ, ಎಡಗೈ ಅಲ್ಲಿಗೆ ತಲುಪದು. ಅದಕ್ಕೆ ನನ್ನ ಕೈ.

ಮೈದುನ ಮತ್ತೆ ಚಾಲೂ ಮಾಡಿದ. ಜೋರು ಮಾಡಿದ. ನನ್ನ ಅಂಗೈಯೊಳಗೆ ಬಲ್ಬು ಗಟ್ಟಿಯಾಗಿತ್ತು. ಆಮೇಲೆ ಮೆತ್ತಗಾಯಿತು. ಆಮೇಲೆ, ಒಳಗಿನಿಂದ ಯಾರೋ ಎಳೆದುಕೊಂಡ ಹಾಗೆ, ಚಪ್ಪಟೆಯಾಗತೊಡಗಿತು. ಎಂಜಿನು ನಿಂತಿತು.

ನನ್ನ ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮಾತಾಡುವ ಬದಲು ಮುಷ್ಟಿ ಮಾಡಿ ನಿಧಾನಕ್ಕೆ ಬಿಗಿದು ತೋರಿಸಿದೆ. ಹಾಗೇಕೆ ಮಾಡಿದೆನೋ ಗೊತ್ತಿಲ್ಲ. ಅವರ ಜತೆ ಇದ್ದೂ ಇದ್ದೂ ನನಗೂ ಅದೇ ಅಭ್ಯಾಸವಾಗಿತ್ತು. ಅವರ ಮುಖದ ಎಡಭಾಗ ಅರಳಿತು. ಬಲ್ಬಿನ ಈಚೆ ಎಂಜಿನಿನ ಕಡೆಗೆ ಕೈ ತೋರಿಸಿ ಇಲ್ಲವೆಂದು ತಲೆಯಾಡಿಸಿದರು. ಆಚೆ ಟ್ಯಾಂಕಿನ ಕಡೆಗೆ ತೋರಿಸಿ ಮೂರು ಸಲ, "ದಾನೆ, ದಾನೆ, ದಾನೆ," ಎಂದರು.

"ಓ," ಎಂದ ಮೈದುನ. "ಎಂಜಿನು ಎಳೀತಾ ಉಂಟು, ಟ್ಯಾಂಕಿನ ಕಡೆಯಿಂದ ಬರುದಿಲ್ಲ. ಎಂಜಿನಿನದ್ದು ತಪ್ಪೇ ಇಲ್ಲ!" ಎರಡು ಸಲ ಕಾರ್ಬೊರೇಟರ್ ಬಿಚ್ಚಿಸಿದ್ದು ನೆನಪಾಗಿ ತಲೆಗೆ ಕೈಯಿಟ್ಟುಕೊಂಡ.

ಟ್ಯಾಂಕಿನೊಳಗೆ ಇಳಿಬಿಟ್ಟ ನಳಿಕೆಯನ್ನು ಹೊರಗೆ ತೆಗೆದೆವು. ಅದರ ತುದಿಯ ಜಾಲರಿಯಲ್ಲಿ ಕಸ ಕಟ್ಟಿಕೊಂಡಿರಬಹುದು ಎಂದು ಮೈದುನನ ಲೆಕ್ಕ. ಜಾಲರಿ ಶುದ್ಧವಾಗಿತ್ತು. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹೊಯ್ದು ನಿಲ್ಲಲು ಬಿಟ್ಟೆವು, ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಿಲ್ಲಲಿಲ್ಲ. ಉಳಿದದ್ದು ಟ್ಯಾಂಕಿಗೂ ಬಲ್ಬಿಗೂ ನಡುವಿನ ಪೈಪು. ಮೈದುನ ಅದನ್ನು ಕಳಚಿ, ಒಳಗಿದ್ದ ಪೆಟ್ರೋಲು ಚೆಲ್ಲಿ, ಬಲ್ಬಿನ ಕಡೆಯ ತುದಿಗೆ ಬಾಯಿಟ್ಟು ಊದಿದ. ಗಾಳಿ ಸಲೀಸಾಗಿ ಆಚೆ ಹೋಯಿತು.

"ಪೈಪು ಫಸ್ಟ್ ಕ್ಲಾಸ್ ಉಂಟು," ಎಂದು ಅದನ್ನು ಬದಿಗೆಸೆದ.

"ದಾನೆ!" ನನ್ನ ಗಂಡನಿಗೆ ಸಿಟ್ಟು ಬಂದಿತ್ತು. ಎಸೆದ ಪೈಪನ್ನೇ ತೋರಿಸುತ್ತಿದ್ದರು. ನಾನು ತಂದು ಅವರ ತೊಡೆಯ ಮೇಲಿಟ್ಟೆ. ಅವರು ತುದಿಯನ್ನು ಎತ್ತಿ ನನ್ನ ಬಾಯಿಗೆ ತೋರಿಸಿದರು.

"ಊದ್ಬೇಕಾ? ಅವನು ಈಗ ಊದಿದನಲ್ಲ?"

ಇಲ್ಲ, ಇಲ್ಲ. ತನ್ನ ಕೆನ್ನೆಗಳನ್ನು ಒಳಗೆ ಎಳೆದುಕೊಂಡು ತೋರಿಸಲು ಪ್ರಯತ್ನಿಸಿದರು. ಎಡಗೆನ್ನೆ ಮಾತ್ರ ಒಳಗೆ ಹೋಯಿತು; ಬಲಗಡೆಯಿಂದ ಎಂಜಲು ಇಳಿಯಿತು. ಒರೆಸಿಕೊಳ್ಳದೆ ಮತ್ತೆ ಅದನ್ನೇ ಮಾಡಿದರು. ನನಗೆ ತಿಳಿಯಿತು.

"ಎಳೀಬೇಕು," ಎಂದೆ.

ಪೈಪಿಗೆ ಬಾಯಿಟ್ಟೆ. ಇಪ್ಪತ್ತೊಂದು ವರ್ಷದ ಹಿಂದೆ ವಾಸನೆಗೇ ಓಡಿದ್ದವಳು. ಮೆಲ್ಲಗೆ ಎಳೆದರೆ ಗಾಳಿ ಬಂತು. ಜೋರಾಗಿ ಎಳೆದೆ. ಒಳಗೆಲ್ಲೋ ಟಪ್ಪೆಂದು ಮುಚ್ಚಿಕೊಂಡಿತು. ಗಾಳಿಯೇ ಇಲ್ಲ. ಬಿಟ್ಟು ಮತ್ತೆ ಮೆಲ್ಲಗೆ ಎಳೆದರೆ ಬಂತು; ಜೋರು ಮಾಡಿದರೆ ಟಪ್. ನಾನು ಪೈಪಿನಿಂದ ಬಾಯಿ ತೆಗೆದು ಅವರನ್ನು ನೋಡಿದೆ. ಏನೂ ಹೇಳಬೇಕಾಗಲಿಲ್ಲ.

ಮೈದುನ ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿದ. ಹೊರಗೆ ನೋಡಿದರೆ ಒಂದು ಗೀರೂ ಇಲ್ಲದ ಪೈಪು. ಒಳಗಿನ ಪದರ ಒಂದು ಕಡೆ ರಬ್ಬರಿನಿಂದ ಬಿಟ್ಟುಕೊಂಡು, ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ನಿಂತಿತ್ತು. ಪೆಟ್ರೋಲು ನಿಧಾನಕ್ಕೆ ಹರಿಯುವಾಗ ಅದು ಬದಿಗೆ ಒರಗಿಕೊಳ್ಳುತ್ತದೆ. ಎಂಜಿನು ಜೋರಾಗಿ ಎಳೆದಾಗ ಎದ್ದು ದಾರಿ ಮುಚ್ಚುತ್ತದೆ. ಈಗಿನ ಪೆಟ್ರೋಲಿಗೆ ಹಳೆಯ ಪೈಪು ತಡೆಯುವುದಿಲ್ಲವಂತೆ; ಹೊಸ ಪೈಪು ತರಲು ಹೋದಾಗ ಬಂದರಿನ ಅಂಗಡಿಯವರು ಮೈದುನನಿಗೆ ಹಾಗೆ ಹೇಳಿದರು.

ಸಂಜೆ ಹೊಸ ಪೈಪು ಹಾಕಿ ಎಂಜಿನನ್ನು ದೋಣಿಗೆ ಸಿಕ್ಕಿಸಿ ಆಯಿತು. ಡ್ರಮ್ಮಿನಲ್ಲಿ ಓಡಿಸಿ ನೋಡುವುದು ಸಾಲದು, ನೀರಿನಲ್ಲೇ ಆಗಬೇಕು. ಮೈದುನನೂ ಅವನ ಜತೆಯವನೂ ಅವರನ್ನು ಕುರ್ಚಿಯಲ್ಲೇ ಹೊತ್ತು ಹೊಳೆಯ ಬದಿಗೆ ತಂದರು. ಹೀಗಾದ ಮೇಲೆ ಆಸ್ಪತ್ರೆಗಲ್ಲದೆ ಬೇರೆಡೆಗೆ ಅವರು ಕಂಪೌಂಡು ದಾಟಿದ್ದು ಅದೇ ಮೊದಲು. ದಾರಿಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರು ಎದ್ದು ನಿಂತು ಮಾತಾಡಿಸಿದರು; ಇವರು ಎಲ್ಲರಿಗೂ ದಾನೆ, ದಾನೆ ಎನ್ನುತ್ತ ಬಂದರು. ನಮ್ಮ ಕಡೆ ಕಂಡವರನ್ನು ಮಾತಾಡಿಸುವುದೂ ಅದೇ ಶಬ್ದದಿಂದಲೇ. ಅವತ್ತು ಯಾರಿಗೂ ಏನೂ ವ್ಯತ್ಯಾಸ ತೋರಲಿಲ್ಲ.

ದೋಣಿಯನ್ನು ಧಕ್ಕೆಯ ಕಂಬಕ್ಕೆ ಕಟ್ಟಿ ಮೈದುನ ಗೇರು ಹಾಕಿದ. ಹಗ್ಗ ಬಿಗಿಯಿತು. ಒಂದು ನಿಮಿಷ, ಎರಡು, ಐದು. ಎಂಜಿನು ಒಂದೇ ಶ್ರುತಿಯಲ್ಲಿ ಕೂಗುತ್ತಿತ್ತು. ನನ್ನ ಗಂಡ ಕತ್ತು ವಾಲಿಸಿ ಕೇಳುತ್ತಿದ್ದರು. ಆಮೇಲೆ ನಕ್ಕರು. ಹಲ್ಲು ಕಾಣುವಂಥ ನಗು, ಮುಖದ ಅರ್ಧದಲ್ಲಿ. ನಗುತ್ತಿದ್ದ ಹಾಗೆಯೇ ಅಳತೊಡಗಿದರು. ಮೈದುನ ಎಂಜಿನು ನಿಲ್ಲಿಸಿ ದೋಣಿಯಲ್ಲೇ ತಲೆ ತಗ್ಗಿಸಿ ಕೂತ.

ಅಲ್ಲಿಂದಾಚೆ ನಮ್ಮ ಜಗಲಿಗೆ ಎಂಜಿನುಗಳು ಬರತೊಡಗಿದವು. ಬೆಂಗ್ರೆಯಿಂದ, ತಣ್ಣೀರುಬಾವಿಯಿಂದ, ಹೊಳೆ ದಾಟಿಸಿ ತಂದವರೂ ಇದ್ದರು. ಬೇರೆಯವರು ಕೈಬಿಟ್ಟ ಎಂಜಿನುಗಳೇ ಹೆಚ್ಚು. ಕೈ ನನ್ನದು, ತಲೆ ಅವರದು. ಮಗಳು ಆ ಆಸ್ಪತ್ರೆಯ ರಟ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಬೇರೆ ಚಿತ್ರ ಬರೆದುಕೊಟ್ಟಳು: ಟ್ಯಾಂಕು, ಬಲ್ಬು, ಫಿಲ್ಟರು, ಪೆಟ್ರೋಲ್ ಪಂಪು, ಕಾರ್ಬೊರೇಟರು, ಅದರೊಳಗಿನ ತೇಲುಗುಂಡು, ಸೂಜಿ. ಬಲ್ಬು ಎಂದು ಬರೆದ ಚಿತ್ರ ಮಾವಿನಕಾಯಿಯಂತಿತ್ತು. ಆ ಬದಿಯನ್ನು ಅವರು ದೂರ ಸರಿಸಲಿಲ್ಲ.

ಪಂಪಿನೊಳಗಿನ ತೆಳು ಪೊರೆಯನ್ನು ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತು ಹುಡುಕುವುದನ್ನು ಕಲಿತೆ. ಬಲ್ಬು ಎಷ್ಟು ಅಮುಕಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಕಲಿತೆ. ನಾನು ತಪ್ಪು ಸ್ಕ್ರೂಗೆ ಕೈ ಹಾಕಿದರೆ ಅವರ ಹುಬ್ಬು ಏರುತ್ತಿತ್ತು. ಸರಿಯಾದದ್ದಕ್ಕೆ ಹಾಕಿದರೆ ಉಸಿರು ಬಿಡುತ್ತಿದ್ದರು. ಒಮ್ಮೆ ನಾನು ಅವರಿಗಿಂತ ಮೊದಲೇ, "ಇದು ಸೂಜಿಯದ್ದೇ, ಪಂಪಲ್ಲ," ಎಂದು ಹೇಳಿ ಅದು ನಿಜವೂ ಆದಾಗ, ಎಡಗೈಯಿಂದ ನನ್ನ ತಲೆಗೆ ಮೆಲ್ಲಗೆ ಕುಟ್ಟಿದರು. ಬೆಳಗಿನಿಂದ ಮಧ್ಯಾಹ್ನದ ತನಕ ನಾವಿಬ್ಬರೂ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಮದುವೆಯಾದ ಮೇಲೆ ಅಷ್ಟು ಹೊತ್ತು ಹಾಗೆ ಕೂತದ್ದೇ ಇರಲಿಲ್ಲ. ತವರಿನಿಂದ ಬಂದ ನನ್ನ ಅಕ್ಕ ನನ್ನ ಕಪ್ಪಾದ ಉಗುರು ನೋಡಿ, "ಎಂತ ಅವಸ್ಥೆ ಮಾರಾಯ್ತಿ ನಿನ್ನದು," ಎಂದು ಕಣ್ಣೊರೆಸಿಕೊಂಡಳು. ಆ ಆರು ತಿಂಗಳು ನಾನು ಸುಖವಾಗಿದ್ದೆ ಎಂದು ಅವಳಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ.

ಇನ್ನು ಬರೆಯಬೇಕಾದದ್ದು ಒಂದು ಸಂಜೆಯ ಬಗ್ಗೆ.

ಅವತ್ತು ಒಂದು ಪಂಪು ಬಿಚ್ಚಿ ಪೇಪರಿನ ಮೇಲೆ ಹರವಿಟ್ಟಿದ್ದೆವು. ಕೆಲಸ ಮುಗಿದಿರಲಿಲ್ಲ, ಬೆಳಕು ಕಡಿಮೆಯಾಗಿತ್ತು. ನಾನು ಎತ್ತಿಡತೊಡಗಿದೆ. ಅವರು, "ದಾನೆ," ಎಂದರು. ಎಂದಿನ ಹಾಗಲ್ಲ, ತಗ್ಗಿದ ಧ್ವನಿಯಲ್ಲಿ. ನಾನು ರಟ್ಟು ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ.

"ಪೊರೆ ಬದಲಿಸ್ಬೇಕಾ?"

ಇಲ್ಲ.

"ಸ್ಪ್ರಿಂಗಾ? ಫಿಲ್ಟರಾ?"

ಇಲ್ಲ. ನನ್ನ ಕೈಯಲ್ಲಿದ್ದ ಪಂಪಿನ ಮುಚ್ಚಳವನ್ನು ತೆಗೆದು ಕೆಳಗಿಟ್ಟರು. ಬರಿಗೈಯನ್ನು ಹಿಡಿದು ತನ್ನ ಎದೆಗೆ ಒತ್ತಿಕೊಂಡರು.

"ನೋವುಂಟಾ? ಡಾಕ್ಟರಿಗೆ ಫೋನ್ ಮಾಡ್ಲಾ?"

ಇಲ್ಲ. ತುಟಿ ಆಡುತ್ತಿತ್ತು. ಅವರೊಳಗೆ ಒಂದು ಉದ್ದದ ಮಾತು ಸಾಲು ಹಿಡಿದು ಬಂದು ಬಾಗಿಲಲ್ಲಿ ನಿಂತಿತ್ತು. ದಾನೆ. ಸ್ವಲ್ಪ ತಡೆದು, ದಾನೆ. ಇನ್ನೊಂದು ರಾಗದಲ್ಲಿ, ದಾನೆ. ಅದು ಕೇಳುವ ರಾಗವಾಗಿರಲಿಲ್ಲ. ಏನನ್ನೋ ಹೇಳುತ್ತಿದ್ದರು, ಮೊದಲಿನಿಂದ ಕೊನೆಯ ತನಕ, ವಾಕ್ಯದ ಮೇಲೆ ವಾಕ್ಯ, ಅದೊಂದೇ ಶಬ್ದದಲ್ಲಿ. ನಾನು ಮಗಳ ಹೆಸರು ಹೇಳಿದೆ. ಅತ್ತೆಯ ಬಗ್ಗೆಯಾ ಎಂದೆ. ಬಹರೈನಾ ಎಂದೆ, ಆಗ ಒಂದು ಕ್ಷಣ ಕಣ್ಣು ನಿಂತಿತು, ಆಮೇಲೆ ಅದೂ ಅಲ್ಲವೆಂದರು. ಅವರ ಕಣ್ಣಿನಿಂದ ನೀರಿಳಿಯುತ್ತಿತ್ತು. ನಾನು ಊಹಿಸಿದ್ದರಲ್ಲಿ ಅರ್ಧಕ್ಕರ್ಧ ಎಂಜಿನಿನ ಭಾಗಗಳೇ. ಆರು ತಿಂಗಳಲ್ಲಿ ನನ್ನ ತಲೆಯೂ ಹಾಗಾಗಿಹೋಗಿತ್ತು.

ಒಳಗೆ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಉಕ್ಕುವ ಶಬ್ದವಾಯಿತು. ನಾನು ಕೈ ಬಿಡಿಸಿಕೊಂಡು, "ನಾಳೆ ನೋಡುವಾ," ಎಂದು ಎದ್ದೆ.

ಮರುದಿನ ನಾನಾಗಿ ಕೇಳಲಿಲ್ಲ, ಅವರಾಗಿ ಎತ್ತಲಿಲ್ಲ. ಪಂಪು ಜೋಡಿಸಿ ಕೊಟ್ಟೆವು. ಒಂಬತ್ತನೆಯ ದಿನ ಬೆಳಿಗ್ಗೆ ಅವರಿಗೆ ಎರಡನೆಯ ಸಲ ಹಾಗಾಯಿತು. ಆಂಬುಲೆನ್ಸು ಕುದ್ರೋಳಿ ದಾಟುವ ಮೊದಲೇ ಅವರು ಹೋದದ್ದು ನನಗೆ ಗೊತ್ತಾಗಿತ್ತು.

ಆಮೇಲೆ ನಾನು ಕೂತಲ್ಲಿ ನಿಂತಲ್ಲಿ ಆ ಸಂಜೆಯನ್ನು ಬಿಚ್ಚುತ್ತ ಹೋದೆ. ಏನಿರಬಹುದು? ಮಗಳ ಮದುವೆಯೇ? ಮನೆಯ ಕಾಗದಪತ್ರವೇ? ಯಾರನ್ನಾದರೂ ನೋಡಬೇಕಿತ್ತೇ? ಒಂದು ವಿಷಯಕ್ಕೆ ಮಾತ್ರ ಮನಸ್ಸು ಮತ್ತೆ ಮತ್ತೆ ಹೋಗುತ್ತಿತ್ತು. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ, ಅವರು ರಜೆ ಮುಗಿಸಿ ಹೋದ ಮೇಲೆ, ನಾನು ಮತ್ತೆ ಬಸುರಿಯಾಗಿದ್ದೆ. ಮೂರನೆಯ ತಿಂಗಳಲ್ಲಿ ಅದು ಹೋಯಿತು. ಶುಕ್ರವಾರದ ಫೋನಿನಲ್ಲಿ ಒಂದೇ ವಾಕ್ಯದಲ್ಲಿ ತಿಳಿಸಿದ್ದೆ. ಅವರು, "ಹ್ಞೂಂ," ಎಂದರು. "ನೀನು ಹುಷಾರು. ಬಂದಾಗ ಮಾತಾಡುವಾ." ಆ ಮಾತು ಆಗಲೇ ಇಲ್ಲ. ಅವರಿಗೆ ಅದು ತಟ್ಟಲಿಲ್ಲವೆಂದು ನಾನು ಹದಿಮೂರು ವರ್ಷ ಒಳಗೊಳಗೇ ಮುನಿದುಕೊಂಡಿದ್ದೆ. ಜಗಲಿಯಲ್ಲಿ ಅವರ ಎದುರು ಕೂತ ಆರು ತಿಂಗಳಲ್ಲಿ ನಾನಾದರೂ ಕೇಳಬಹುದಿತ್ತು. ಕೇಳಿಸಿಕೊಳ್ಳಲು ಅವರಿಗೆ ಬರುತ್ತಿತ್ತು. ತಲೆಯಾಡಿಸಲು ಬರುತ್ತಿತ್ತು.

ಎಂಜಿನು ತಂದವರಿಗೆ ನಾನು ಆಗುವುದಿಲ್ಲವೆಂದೆ. ಗಂಡನ ಪಾನಾ, ಸ್ಕ್ರೂಡ್ರೈವರುಗಳನ್ನು ಮೈದುನನಿಗೆ ಕೊಟ್ಟೆ. ಎದುರಿಗೆ ಆ ಮುಖವಿಲ್ಲದೆ ನನಗೆ ಒಂದು ಸ್ಕ್ರೂವನ್ನೂ ತಿರುಗಿಸಲು ಮನಸ್ಸು ಬರಲಿಲ್ಲ. ಶಾಲೆಯವರು ಕರೆದರು, ಮತ್ತೆ ಕೆಲಸಕ್ಕೆ ಹೋಗತೊಡಗಿದೆ.

ಮೂರು ತಿಂಗಳ ಮೇಲೆ ಒಂದು ಭಾನುವಾರ ಕಾಟಿಪಳ್ಳದಿಂದ ಒಬ್ಬರು ಬಸ್ಸಿನಲ್ಲಿ ಬಂದರು. ಬಹರೈನಿನಲ್ಲಿ ಹನ್ನೆರಡು ವರ್ಷ ಇವರ ಜತೆ ಒಂದೇ ಕೋಣೆಯಲ್ಲಿದ್ದವರಂತೆ. ರಜೆಗೆ ಬಂದವರು ಮನೆ ಹುಡುಕಿಕೊಂಡು ಬಂದಿದ್ದರು. ಚಹಾ ಕೊಟ್ಟೆ. ಗೋಡೆಯ ಫೋಟೋ ನೋಡುತ್ತ ಅವರು ಹೇಳಿದರು, "ರೂಮು ಈಗ ಸತ್ತ ಹಾಗುಂಟು ಅಕ್ಕ. ಶಬ್ದವೇ ಇಲ್ಲ. ಇವರು ಇರುವಾಗ ನಾವು, ಸ್ವಲ್ಪ ಬಾಯಿ ಮುಚ್ಚಿ ಮಾರಾಯ್ರೆ, ನಿದ್ದೆ ಮಾಡ್ಬೇಕು ಅಂತ ಕೈ ಮುಗೀತಿದ್ದೆವು."

ನನಗೆ ಬೇರೆ ಯಾರದೋ ಬಗ್ಗೆ ಹೇಳುತ್ತಿದ್ದಾರೆ ಅನಿಸಿತು. "ಇವರಾ?" ಎಂದೆ.

"ಇವರೇ. ಎಂತ ಮಾತು, ಎಂತ ಮಾತು! ಈ ಹೊಳೆ, ದೋಣಿ, ಇವರ ತಮ್ಮ ಎಂಜಿನು ಹಾಳು ಮಾಡಿಕೊಂಡದ್ದು. ನೀವು ಮದುವೆಯಾಗಿ ಬಂದ ವಾರ ಪೆಟ್ರೋಲಿನ ವಾಸನೆಗೆ ಕಿಟಕಿ ಹಿಡಿದು ನಿಂತದ್ದು. ಅದನ್ನು ಆಕ್ಟಿಂಗ್ ಮಾಡಿ ತೋರಿಸ್ತಿದ್ರು."

"ಫೋನಿನಲ್ಲಿ ಅವರು ಮಾತೇ ಆಡ್ತಿರ್ಲಿಲ್ಲ."

ಅವರು ಸ್ವಲ್ಪ ಹೊತ್ತು ಲೋಟ ತಿರುಗಿಸಿದರು. "ಶುಕ್ರವಾರ ಮಧ್ಯಾಹ್ನ ರೂಮಿನಲ್ಲಿ ಆರು ಜನ ಅಕ್ಕ. ಎಲ್ಲರೂ ಫೋನು ಹಿಡಿದವರೇ. ಹೆಂಡತಿ ಹತ್ರ ಎಂತ ಮಾತಾಡುದು ಅಷ್ಟು ಜನರ ಎದುರು? ಊಟ ಆಯ್ತಾ, ಮಳೆ ಉಂಟಾ. ನಾನೂ ಅಷ್ಟೇ ಕೇಳುದು."

ನಾನು ಆ ಮಗುವಿನ ವಿಷಯ ಕೇಳಿದೆ. ಅಪರಿಚಿತ ಗಂಡಸಿನ ಹತ್ತಿರ ಅದನ್ನು ಹೇಗೆ ಕೇಳಿದೆನೆಂದು ಈಗಲೂ ಆಶ್ಚರ್ಯವಾಗುತ್ತದೆ. ವರ್ಷ ಹೇಳಿದೆ, ಒಂದು ಮಗು ಉಳಿಯಲಿಲ್ಲ ಎಂದೆ, ಅದರ ಬಗ್ಗೆ ಏನಾದರೂ ಹೇಳಿದ್ದರೇ ಎಂದೆ.

ಅವರು ನೆನಪು ಮಾಡಿಕೊಂಡರು. ಅದು ಇವರ ಕೋಣೆಗೆ ಅವರು ಹೊಸದಾಗಿ ಬಂದ ವರ್ಷವಂತೆ. "ಹೇಳ್ಲಿಲ್ಲ," ಎಂದರು. "ಎಂತ ಆಯ್ತು ಅಂತ ಯಾರಿಗೂ ಹೇಳ್ಲಿಲ್ಲ. ಎರಡು ದಿನ ಕೆಲಸಕ್ಕೆ ಹೋಗ್ಲಿಲ್ಲ, ಅದು ನೆನಪುಂಟು. ಜ್ವರ ಅಂದ್ರು. ಗೋಡೆಗೆ ಮುಖ ಮಾಡಿ ಮಲಗಿದ್ರು. ನಾನು ಹಣೆ ಮುಟ್ಟಿ ನೋಡಿದೆ. ಜ್ವರ ಇರ್ಲಿಲ್ಲ."

ಮಗಳು ಒಳಗಿನಿಂದ ಬಂದು ಬಾಗಿಲ ಬಳಿ ನಿಂತಿದ್ದಳು. ಅವಳನ್ನು ನನ್ನ ಪಕ್ಕ ಕೂರಿಸಿಕೊಂಡೆ. ಅವಳ ಅಪ್ಪ ಎಷ್ಟು ಮಾತಾಡುವವರೆಂದು ಅವಳಿಗೂ ಗೊತ್ತಿರಲಿಲ್ಲ.

"ಇನ್ನೂ ಹೇಳಿ," ಎಂದೆ.

ಬಂದವರು ಗಡಿಯಾರ ನೋಡಿ, ಒಂದು ಬಸ್ಸು ಬಿಟ್ಟರೂ ಅಡ್ಡಿಯಿಲ್ಲ ಎಂದು ಚಪ್ಪಲಿ ಕಳಚಿ ಕಾಲು ಮಡಚಿ ಕೂತರು. ಅವರಿಗೆ ಇನ್ನೊಂದು ಲೋಟ ಚಹಾ ಇಡಲು ಏಳಬೇಕಿತ್ತು. ನಾನು ಏಳಲಿಲ್ಲ.